ಕಿವಿಯ ಹಿಂದಿನ ಬಿಲ್ಲೆ

ಕಳವಳವನ್ನು ಅಳೆಯಬಹುದು ಎಂದು ಗೊತ್ತಾದ ಮೇಲೆ, ಅದಕ್ಕೆ ಔಷಧವೆಂದು ಮಾರುತ್ತಿದ್ದ ಅನೇಕ ವಸ್ತುಗಳ ವ್ಯಾಪಾರ ನಿಂತುಹೋಯಿತು. ಕೆಲವು ಉಳಿದುಕೊಂಡವು. ಯಾವುದು ನಿಲ್ಲುತ್ತದೆ, ಯಾವುದು ಉಳಿಯುತ್ತದೆ ಎಂದು ಮೊದಲೇ ಊಹಿಸಿದ್ದವರ ಎಣಿಕೆಯೆಲ್ಲ ತಪ್ಪಾಯಿತು.

ಅಳೆಯುವ ಸಾಧನ ದೊಡ್ಡದೇನಲ್ಲ. ಹಣೆಗೆ ಹಚ್ಚುವ ಟಿಕಳಿಯಷ್ಟು ಅಗಲದ, ಚರ್ಮದ ಬಣ್ಣದ ಒಂದು ಬಿಲ್ಲೆ. ಅದನ್ನು ಕಿವಿಯ ಹಿಂದೆ ಅಂಟಿಸುತ್ತಿದ್ದರು. ಹೆದರಿದ ಮನುಷ್ಯನ ಬೆವರಿನಲ್ಲಿ ಕೆಲವು ರಸಗಳು ಹೆಚ್ಚುತ್ತವೆ; ಹೃದಯದ ಎರಡು ಬಡಿತಗಳ ನಡುವಿನ ಅಂತರವೂ ಬದಲಾಗುತ್ತದೆ. ಬಿಲ್ಲೆ ಇವೆರಡನ್ನೂ ಓದಿ ಒಂದು ಅಂಕಿಯನ್ನು ಕಳಿಸುತ್ತಿತ್ತು. ಮಾತು ಕೇಳುವ ಶಕ್ತಿ ಅದಕ್ಕಿರಲಿಲ್ಲ. ಮನಸ್ಸಿನಲ್ಲಿ ಏನಿದೆ ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಎಷ್ಟಿದೆ ಎಂದಷ್ಟೇ ತಿಳಿಯುತ್ತಿತ್ತು.

ಕಪ್ಪತಗುಡ್ಡದ ಬುಡದಲ್ಲಿ, ಗಾಳಿಯಂತ್ರಗಳು ತಿರುಗುವುದು ಕಾಣುವ ಬಯಲಿನಲ್ಲಿ, ಕ್ಯಾನ್ಸರಿನಿಂದ ಗುಣವಾದವರಿಗಾಗಿ ಒಂದು ಚೇತರಿಕೆ ಕೇಂದ್ರವಿತ್ತು. ರೋಗವನ್ನು ಕತ್ತರಿಸಿ ತೆಗೆಯುವುದು, ಸುಡುವುದು ಪಟ್ಟಣದ ದೊಡ್ಡ ಆಸ್ಪತ್ರೆಗಳ ಕೆಲಸ. ಅದು ಮುಗಿದ ಮೇಲೂ ಉಳಿಯುವ ಹೆದರಿಕೆಯನ್ನು ನೋಡಿಕೊಳ್ಳುವುದು ಈ ಕೇಂದ್ರದ ಕೆಲಸ. ಗುಡ್ಡದ ಬೇರುಗಳ ಕಷಾಯಕ್ಕೆ, ಎಣ್ಣೆ ತಿಕ್ಕುವುದಕ್ಕೆ, ಪ್ರಾಣಾಯಾಮಕ್ಕೆ, ಹೋಮಿಯೋಪತಿಯ ಸಕ್ಕರೆಗುಳಿಗೆಗೆ, ಭಜನೆಗೆ ಅಲ್ಲಿ ಒಂದೊಂದು ಕೋಣೆ ಇತ್ತು. ಇಲ್ಲಿಯ ಯಾವುದರಿಂದಲೂ ಕ್ಯಾನ್ಸರ್ ಹೋಗುವುದಿಲ್ಲ ಎಂದು ಬಾಗಿಲಿನಲ್ಲೇ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಒಬ್ಬೊಬ್ಬರನ್ನು ಎಲ್ಲ ಕೋಣೆಗಳಲ್ಲೂ ಕೂರಿಸಿ, ಯಾವುದರಿಂದ ಯಾರ ಅಂಕಿ ಇಳಿಯುತ್ತದೆ ಎಂದು ನೋಡುತ್ತಿದ್ದರು. ಇಳಿದರೆ ಅದೇ ಅವರ ಔಷಧ.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಜಯತೀರ್ಥ ಗಲಗಲಿ. ಅರವತ್ತು ದಾಟಿದವರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ಅಕ್ಷತೆ ಒಣಗುವ ಮುನ್ನವೇ ನಿಯಂತ್ರಣ ಕೊಠಡಿಗೆ ಬಂದು ಕೂರುತ್ತಿದ್ದರು. ಅವರ ಹೆಂಡತಿ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಆ ವಿಷಯವನ್ನು ಅವರು ಯಾರೊಡನೆಯೂ ಆಡುತ್ತಿರಲಿಲ್ಲ.

ಯಾವ ಕೋಣೆಯಿಂದಲೂ ಅಂಕಿ ಇಳಿಯದವರಿಗೆ ಕೊನೆಯದಾಗಿ ಒಂದು ಉಪಾಯವಿತ್ತು. ಅಕ್ಕಿಕಾಳಿನಷ್ಟು ಗಾತ್ರದ ಔಷಧದ ಕಣವೊಂದನ್ನು ತೋಳಿನ ಚರ್ಮದ ಕೆಳಗೆ ಕೂರಿಸುವುದು. ಅದು ವರ್ಷಗಟ್ಟಲೆ ನಿಧಾನವಾಗಿ ಕರಗುತ್ತಿತ್ತು. ಹೆದರಿಕೆ ಹೋಗುತ್ತಿತ್ತು, ನಿದ್ದೆ, ಹಸಿವು ಮರಳುತ್ತಿದ್ದವು. ಆದರೆ ಹೆದರಿಕೆ ಒಂದನ್ನೇ ಆರಿಸಿ ತೆಗೆಯುವುದು ಆ ಕಣಕ್ಕೆ ಬರುತ್ತಿರಲಿಲ್ಲ. ಕೇಂದ್ರಕ್ಕೆ ಬರುತ್ತಿದ್ದ ಬೆಟಗೇರಿಯ ದಾಕ್ಷಾಯಣಿ ಇದನ್ನು ಕಣ್ಣಾರೆ ನೋಡಿದ್ದಳು. ಕಣ ಹಾಕಿಸಿಕೊಂಡಿದ್ದ ರೋಣದ ಕಡೆಯ ಹೆಂಗಸೊಬ್ಬಳಿಗೆ ಅಣ್ಣ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ದಾಕ್ಷಾಯಣಿ ಪಕ್ಕದಲ್ಲೇ ಕೂತಿದ್ದಳು. ಆ ಹೆಂಗಸು "ಹೌದಾ? ಆತು ತಗೋ" ಎಂದು ಫೋನು ಇಟ್ಟು, ಮೊಸರನ್ನವನ್ನು ಕೊನೆಯ ತುತ್ತಿನ ತನಕ ಉಂಡಳು. ಅಂದಿನಿಂದ ದಾಕ್ಷಾಯಣಿಗೆ ಕ್ಯಾನ್ಸರಿನ ಹೆದರಿಕೆಯ ಜೊತೆಗೆ ಆ ಕಣದ ಹೆದರಿಕೆಯೂ ಸೇರಿಕೊಂಡಿತು.

ಅವಳ ಅಂಕಿ ಪರದೆಯ ಕೆಂಪು ಗೆರೆಯ ಮೇಲೆಯೇ ಇತ್ತು. ಎದೆಯ ಗಡ್ಡೆಯನ್ನು ತೆಗೆದು ಎರಡು ವರ್ಷವಾಗಿತ್ತು. ಉದುರಿದ ಕೂದಲು ಮತ್ತೆ ಬಂದಿತ್ತು. ಎಲ್ಲ ತಪಾಸಣೆಗಳೂ ಚೆನ್ನಾಗಿದ್ದವು. ಆದರೂ ಅವಳು ಮಲಗುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ, ಸೊರಗುತ್ತ ಹೋಗುತ್ತಿದ್ದಳು. ಯುಗಾದಿಯ ನಂತರದ ತಪಾಸಣೆಯ ಹೊತ್ತಿಗೂ ಅಂಕಿ ಇಳಿಯದಿದ್ದರೆ ಕಣ ಹಾಕುವುದೆಂದು ಗಲಗಲಿಯವರು ತೀರ್ಮಾನಿಸಿದ್ದರು. ಇಲ್ಲವಾದರೆ ರೋಗ ಉಳಿಸಿದ ದೇಹವನ್ನು ಹೆದರಿಕೆ ತಿಂದುಹಾಕುತ್ತಿತ್ತು.

*

ಬೆಟಗೇರಿಯಲ್ಲಿ ದಾಕ್ಷಾಯಣಿಯ ಮನೆಯವರದು ಒಂದು ಖಾನಾವಳಿ. ಮುಂದಿನ ಕೋಣೆಯಲ್ಲಿ ಅಣ್ಣತಮ್ಮಂದಿರಿಬ್ಬರು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದರು. ಒಳಗೆ ಅವರ ಹೆಂಡಿರಿಬ್ಬರು ಅಡಿಗೆ ಮಾಡುತ್ತಿದ್ದರು. ಹಿರಿಯಳು ಶಂಕ್ರವ್ವ, ಕಿರಿಯಳು ದಾಕ್ಷಾಯಣಿ. ಈ ನೆಗೆಣ್ಣಿಯರಿಬ್ಬರ ಜಗಳ ಓಣಿಗೆಲ್ಲ ಗೊತ್ತು. ರೊಟ್ಟಿ ದಪ್ಪವಾಯಿತು, ಪುಂಡಿಪಲ್ಯ ಹುಳಿಯಾಯಿತು, ಹಂಚಿನ ಉರಿ ಹೆಚ್ಚಾಯಿತು. ಕಾರಣಕ್ಕೆ ಎಂದೂ ಕೊರತೆ ಇರಲಿಲ್ಲ. ಊಟಕ್ಕೆ ಬಂದವರು ಝುಣಕದ ಜೊತೆಗೆ ಆ ಜಗಳವನ್ನೂ ನಂಜಿಕೊಳ್ಳುತ್ತಿದ್ದರು. ಶಂಕ್ರವ್ವನ ನಾಲಿಗೆಗೆ ಗಂಡಸರೂ ಹೆದರುತ್ತಿದ್ದರು. ಹೆದರದೆ ಉತ್ತರ ಕೊಡುತ್ತಿದ್ದವಳು ದಾಕ್ಷಾಯಣಿ ಒಬ್ಬಳೇ.

ಶಸ್ತ್ರಚಿಕಿತ್ಸೆ ಆದ ದಿನದಿಂದ ಶಂಕ್ರವ್ವ ಬದಲಾದಳು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ದಾಕ್ಷಾಯಣಿಯ ಬಲಗೈ ಬಾತುಕೊಳ್ಳುತ್ತಿತ್ತು. ರೊಟ್ಟಿ ಬಡಿಯಬಾರದು, ಉರಿಯ ಮುಂದೆ ಕೂರಬಾರದು ಎಂದು ಹೇಳಿದ್ದರು. ಆ ಕೆಲಸವನ್ನೆಲ್ಲ ಶಂಕ್ರವ್ವ ಸದ್ದಿಲ್ಲದೆ ತಾನೇ ತೆಗೆದುಕೊಂಡಳು. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಅವಳ ಮಾತು ಮೃದುವಾಯಿತು.

ಒಂದು ಮಧ್ಯಾಹ್ನ ದಾಕ್ಷಾಯಣಿ ಬೇಕೆಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಶಂಕ್ರವ್ವ ರುಚಿ ನೋಡಿದಳು. ಸೌಟನ್ನು ಕೆಳಗಿಟ್ಟಳು.

"ಇರಲಿ ಬಿಡವ್ವಾ ನನ್ನ ಬಂಗಾರಾ. ನೀರ ಹಾಕಿದ್ರ ಸರಿ ಆಕ್ಕೈತಿ," ಎಂದಳು.

"ನೀರ ಹಾಕಿದ್ರ ಅದು ಸಾರ ಆಗಿ ಉಳಿತೈತೇನ? ಬೈಯಲ್ಲ ಯಾಕ?"

"ನಿನ್ನ ಯಾಕ ಬೈಯಲಿ ನನ್ನವ್ವಾ? ಹೋಗು, ಚೂರು ಅಡ್ಡಾಗು."

ದಾಕ್ಷಾಯಣಿ ಇದಕ್ಕೆ ಒಂದೇ ಅರ್ಥ ಕಂಡುಕೊಂಡಳು. ಸಾಯುವವರೊಡನೆ ಯಾರೂ ಜಗಳವಾಡುವುದಿಲ್ಲ. ಡಾಕ್ಟರು ತನಗೆ ಹೇಳದ ಯಾವುದೋ ಮಾತನ್ನು ಮನೆಯ ಹಿರಿಯಳಾದ ಶಂಕ್ರವ್ವನ ಕಿವಿಯಲ್ಲಿ ಹೇಳಿದ್ದಾರೆ. ಶಂಕ್ರವ್ವನಂಥವಳೇ ಸುಮ್ಮನಾಗಬೇಕಾದರೆ ತನಗೆ ಉಳಿಗಾಲವಿಲ್ಲ. ಪ್ರತಿ ಸಿಹಿ ಮಾತಿಗೂ ಅವಳ ಕಿವಿಯ ಹಿಂದಿನ ಬಿಲ್ಲೆ ಒಂದಿಷ್ಟು ಹೆಚ್ಚಿನ ಅಂಕಿಯನ್ನು ಕಪ್ಪತಗುಡ್ಡಕ್ಕೆ ಕಳಿಸುತ್ತಿತ್ತು.

*

ನಿಯಂತ್ರಣ ಕೊಠಡಿಯಲ್ಲಿ ಪರದೆಗಳನ್ನು ನೋಡುತ್ತಿದ್ದವಳು ನಫೀಸಾ. ಒಂದು ಬೆಳಿಗ್ಗೆ ಅವಳು ಗಲಗಲಿಯವರನ್ನು ಕರೆದು ತೋರಿಸಿದಳು.

"ಸರ, ದಾಕ್ಷಾಯಣಿಯವರ ಬಿಲ್ಲಿ ಕೆಟ್ಟಂಗ ಕಾಣತೈತ್ರಿ. ನಿನ್ನೆ ಇಲ್ಲಿಂದ ಮನಿಗೆ ಹೋಗೂಮುಂದ ನೋಡ್ರಿ, ಗೆರಿ ಹೆಂಗ ಬಾವ್ಯಾಗ ಬಿದ್ದಂಗ ಬಿದ್ದೈತಿ."

ಗೆರೆ ನಿಜವಾಗಿಯೂ ಬಿದ್ದಿತ್ತು. ಬಸ್ಸಿನ ಪ್ರಯಾಣದ ನಡುವೆ ಇಳಿದು, ಇಡೀ ರಾತ್ರಿ ಕೆಂಪು ಗೆರೆಯ ಕೆಳಗೇ ಇದ್ದು, ಬೆಳಗಿನ ಹೊತ್ತಿಗೆ ಮತ್ತೆ ಏರಿತ್ತು. ಎರಡು ವರ್ಷಗಳಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಬಿಲ್ಲೆಯನ್ನು ಬದಲಿಸುವ ಮೊದಲು ಅವಳನ್ನೇ ಕರೆಸಿ ಕೇಳಿದರು.

"ಬಸ್ಸಿನ್ಯಾಗ ಏನಾತು, ದಾಕ್ಷಾಯಣಿ?"

"ಏನಿಲ್ರಿ ಸರ."

"ನೆನಪ ಮಾಡ್ಕೋರಿ. ಏನರ ತಿಂದ್ರೇನು? ಹಾಡು ಕೇಳಿದ್ರೇನು?"

ದಾಕ್ಷಾಯಣಿ ಸೆರಗು ಸರಿಮಾಡಿಕೊಂಡಳು. "ಸೀಟಿನ ಸಲುವಾಗಿ ಒಬ್ಬಾಕಿ ಕೂಡ ಜಗಳಾ ಆತ್ರಿ. ನಾ ಟಾವೆಲ್ ಹಾಕಿ ಸೀಟ ಹಿಡದಿದ್ದೆ. ಆಕಿ ಬಂದು ಟಾವೆಲ್ ತಗದು ನನ್ನ ಕೈಯಾಗ ಕೊಟ್ಟು ಕುಂತಳ. ಕೇಳಿದ್ರ, ಬಸ್ಸ ನಿಮ್ಮಪ್ಪ ಮಾಡಿಸ್ಯಾನೇನ ಅಂದಳ. ನಾ ಬಿಡ್ತೀನೇನ್ರಿ? ನಿಮ್ಮಪ್ಪ ಮಾಡಿಸಿದ್ರ ಟಿಕೀಟ ಯಾಕ ತಗದಿ ಅಂದೆ. ಗದಗ ಬರೂತನಾ ನಡೀತ್ರಿ."

"ಕಡೀಕೆ ಯಾರು ಗೆದ್ರು?"

"ಆಕೀನ ಗೆದ್ದಳ್ರಿ. ನಾ ನಿಂತ ಹೋದೆ." ಅವಳ ಮುಖದಲ್ಲಿ ನಗು ಸುಳಿಯಿತು. "ಆದ್ರ ಅವತ್ತ ಛಂದ ನಿದ್ದಿ ಬಂತ್ರಿ. ಆಕಿಗೆ ನನಗ ಕ್ಯಾನ್ಸರ್ ಆಗಿತ್ತಂತ ಗೊತ್ತಿರಲಿಲ್ಲ ನೋಡ್ರಿ. ಗೊತ್ತಿದ್ರ ಎದ್ದು ಸೀಟ ಕೊಟ್ಟಬಿಡ್ತಿದ್ದಳ."

ಗಲಗಲಿಯವರಿಗೆ ಹಳೆಯದೊಂದು ನೆನಪಾಯಿತು. ಕೊನೆಯ ತಿಂಗಳುಗಳಲ್ಲಿ ಅವರ ಹೆಂಡತಿ ಒಂದು ದಿನ ಅಡಿಗೆ ಮನೆಯಿಂದ ಬಂದು ಮುಂದೆ ನಿಂತು, ಸಾರು ಕೆಟ್ಟಿದೆ ಎಂದು ಒಂದು ಸಲವಾದರೂ ಅನ್ನಿ ಎಂದು ಕೇಳಿದ್ದರು. ಸಾರು ಚೆನ್ನಾಗಿದೆ ಎಂದು ಗಲಗಲಿಯವರು ಹೇಳಿದ್ದರು. ಅದಾದ ಮೇಲೆ ಹೆಂಡತಿ ಮತ್ತೆ ಕೇಳಲಿಲ್ಲ.

ಮುಂದಿನ ವಾರ ಕೇಂದ್ರದಲ್ಲಿ ಹೊಸ ಪ್ರಯೋಗವೊಂದು ನಡೆಯಿತು. ದಾಕ್ಷಾಯಣಿಯೊಡನೆ ಜಗಳವಾಡಲು ನಫೀಸಾಳನ್ನು ನೇಮಿಸಿದರು. ನಫೀಸಾ ಬಾಗಿಲು ನೂಕಿ ಒಳಗೆ ಬಂದು, "ಏನ್ ಇದು, ಕುರ್ಚಿ ಇಲ್ಲಿ ಯಾಕ ಇಟ್ಟೀರಿ? ಬುದ್ಧಿ ಐತೋ ಇಲ್ಲೋ?" ಎಂದು ಕೂಗಿದಳು. ಕೂಗಿದ ಕೂಡಲೇ ಅವಳಿಗೆ ಮರುಕ ಬಂದು, "ಕೈ ಹೆಂಗೈತ್ರಿ ಅಕ್ಕಾರ? ಬಾವು ಇಳೀತೇನ್ರಿ?" ಎಂದಳು. ಅಂಕಿ ಇಳಿಯಲಿಲ್ಲ, ಏರಿತು.

ಬೇರೆ ದಾರಿ ಕಾಣದೆ ಗಲಗಲಿಯವರು, ದಾಕ್ಷಾಯಣಿಯ ಬಾಯಿಂದ ಮನೆಯ ಹಳೆಯ ಜಗಳಗಳ ಕಥೆ ಕೇಳಿ, ಶಂಕ್ರವ್ವನಿಗೆ ಹೇಳಿ ಕಳಿಸಿದರು. ಅವಳು ಬಂದು ಮೇಜಿನ ಎದುರು ಕೂತಳು. ದಾಕ್ಷಾಯಣಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.

"ಮೊದಲ ಹೆಂಗ ಬೈತಿದ್ರಿ, ಹಂಗ ಬೈರಿ. ಅಷ್ಟ ಸಾಕು," ಎಂದರು ಗಲಗಲಿಯವರು.

ಶಂಕ್ರವ್ವ ಬೆಪ್ಪಾದಳು. "ಜಗಳಾಡ್ರಿ ಅಂತ ಡಾಕ್ಟರ ಹೇಳೂ ಕಾಲ ಬಂತೇನ್ರಿ?"

"ಬಂದದ. ಆಕಿಗೆ ಅದರಿಂದ ನಿದ್ದಿ ಬರ್ತದ. ಇಲ್ಲಾಂದ್ರ ಯುಗಾದಿ ಆದಮ್ಯಾಲೆ ತೋಳಿಗೆ ಔಷಧ ಇಡಬೇಕಾಗ್ತದ. ಅದು ಆಕಿಗೆ ಬ್ಯಾಡಾಗೇದ."

"ಆಗೂದಿಲ್ರಿ ಸರ."

"ಯಾಕ?"

"ಆಗೂದಿಲ್ಲಂದ್ರ ಆಗೂದಿಲ್ರಿ. ಬ್ಯಾರೆ ಏನರ ಹೇಳ್ರಿ. ರಕ್ತಾ ಕೊಡಂದ್ರ ಕೊಡ್ತೀನಿ, ಕಿಡ್ನಿ ಕೊಡಂದ್ರ ಕೊಡ್ತೀನಿ. ಆಕಿಗೆ ಮಾತ್ರ ಒಂದ ಕೆಟ್ಟ ಮಾತ ನನ್ನ ಬಾಯಾಗಿಂದ ಬರೂದಿಲ್ಲ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೊರಟುಬಿಟ್ಟಳು.

ಬಾಗಿಲು ಅರ್ಧ ತೆರೆದೇ ಇತ್ತು. ಬೆಂಚಿನ ಮೇಲಿದ್ದ ದಾಕ್ಷಾಯಣಿಗೆ ಕೊನೆಯ ಮಾತುಗಳು ಕೇಳಿಸಿದವು. ಡಾಕ್ಟರೇ ಬೇಡಿಕೊಂಡರೂ ಇವಳು ಬೈಯಲಾರಳು; ಅಳುತ್ತಾಳೆ. ಅವಳಿಗೆ ಇನ್ನು ಸಂಶಯ ಉಳಿಯಲಿಲ್ಲ. ಒಳಗೆ ಪರದೆಯ ಮೇಲೆ ಅವಳ ಗೆರೆ ಹಿಂದೆಂದೂ ಮುಟ್ಟದ ಎತ್ತರವನ್ನು ಮುಟ್ಟಿತು.

*

ಯುಗಾದಿಗೆ ಮುಂಚಿನ ಅಮಾವಾಸ್ಯೆಯ ದಿನ ಖಾನಾವಳಿಗೆ ಬಿಡುವು. ಮಧ್ಯಾಹ್ನ ಶಂಕ್ರವ್ವ ಮನೆಯವರಿಗಷ್ಟೇ ರೊಟ್ಟಿ ಬಡಿಯುತ್ತಿದ್ದಳು. ದಾಕ್ಷಾಯಣಿ ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ನಿಂತಳು.

"ಖರೇ ಹೇಳಕ್ಕಾ. ನನಗ ಎಷ್ಟ ದಿನ ಐತಂತ ಹೇಳ್ಯಾರ?"

"ಏನ ಹಂಗಂದ್ರ?"

"ಡಾಕ್ಟರು ನಿನಗ ಹೇಳ್ಯಾರ. ನನಗ ತಿಳೀತೈತಿ. ನೀ ಸುಮ್ಮ ಸುಮ್ಮನ ಬಂಗಾರಾ ಅನ್ನಾಕಿ ಅಲ್ಲ. ನಾ ಈ ಮನಿಗೆ ಬಂದ ದಿನಾನ ನನ್ನ ಸೀರಿ ನೋಡಿ, ತವರಮನ್ಯಾಗ ಕನ್ನಡಿ ಇಲ್ಲೇನಬೇ ಅಂದಾಕಿ ನೀನು. ಸಾಯೂ ಮಂದೀ ಕೂಡ ಮಾತಾಡಿದಂಗ ಮಾತಾಡಾಕತ್ತೀದಿ. ಹೇಳಿಬಿಡು, ಒಮ್ಮೆ ಕೇಳಿ ಹಗುರಾಗತೀನಿ."

ಶಂಕ್ರವ್ವನ ಕೈಯಲ್ಲಿದ್ದ ಹಿಟ್ಟು ಹಲಗೆಯ ಮೇಲೆ ಬಿತ್ತು. "ಯಾರೂ ಏನೂ ಹೇಳಿಲ್ಲ! ಶಿವನಾಣೆ, ಯಾರೂ ಹೇಳಿಲ್ಲ!"

"ಹಂಗಾರ ಯಾಕ?"

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿದರೂ ಶಂಕ್ರವ್ವ ತಿರುವಿ ಹಾಕಲಿಲ್ಲ; ಕೈಯ ಹಿಟ್ಟು ಒರೆಸಿಕೊಂಡಳು. ಆಮೇಲೆ ಹೇಳಿದಳು. ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಹಣ್ಣನ್ನೋ ಕಾಯಿಪಲ್ಯವನ್ನೋ ದೇವರಿಗೆ ಬಿಟ್ಟು ಬರುವುದು ಅವಳಿಗೆ ಗೊತ್ತಿತ್ತು. ತನಗೆ ಪ್ರಿಯವಾದದ್ದು ಯಾವುದು ಎಂದು ಯೋಚಿಸಿದಾಗ ಅವಳಿಗೆ ಒಂದೇ ಹೊಳೆದಿತ್ತು.

"ನಿನ್ನ ಕೂಡ ಜಗಳಾಡೂದು ಬಿಟ್ಟೆ," ಎಂದಳು ಶಂಕ್ರವ್ವ. "ಲಿಂಗಪ್ಪನ ಮುಂದ ಹೇಳೀನಿ. ಆಕಿನ್ನ ಉಳಸು, ಆಕಿಗೆ ಇನ್ನ ಒಂದ ಕೆಟ್ಟ ಮಾತ ಆಡೂದಿಲ್ಲ. ಅವ ಉಳಸ್ಯಾನ. ನಾ ಮಾತ ತಪ್ಪಿದ್ರ?"

ದಾಕ್ಷಾಯಣಿ ಗೋಡೆಗೆ ಒರಗಿದಳು. ಎರಡು ವರ್ಷ ತಾನು ಕಂಡ ಸಾವು ಶಂಕ್ರವ್ವನ ಹರಕೆಯಾಗಿತ್ತು. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಸಿಟ್ಟೂ ಬಂತು.

"ಯಾರ ಕೇಳಿದ್ರ ನಿನ್ನ? ನನ್ನ ಕೇಳಿ ಬಿಟ್ಟೇನ? ಜಗಳಾ ಅಂದ್ರ ಇಬ್ಬರದು. ನಿನ್ನ ಪಾಲಷ್ಟ ಬಿಡಬೇಕಾಗಿತ್ತು, ನನ್ನ ಪಾಲೂ ದೇವರಿಗೆ ಕೊಟ್ಟ ಬಂದೀಯಲ್ಲ!"

ಶಂಕ್ರವ್ವ ತುಟಿ ಬಿಗಿಹಿಡಿದಳು.

"ಮಾತಾಡು."

ಶಂಕ್ರವ್ವ ಆಗದೆಂದು ತಲೆಯಾಡಿಸಿದಳು.

ಆಗ ದಾಕ್ಷಾಯಣಿ ಕೆಳಗೆ ಕೂತು, ಹಲಗೆಯನ್ನು ತನ್ನ ಕಡೆ ಎಳೆದುಕೊಂಡು, ಹಿಟ್ಟಿನ ಉಂಡೆ ತೆಗೆದುಕೊಂಡಳು. ಬಾತ ಬಲಗೈಯಿಂದ ರೊಟ್ಟಿ ಬಡಿಯತೊಡಗಿದಳು. ಮೊದಲ ಏಟಿಗೇ ನೋವು ಭುಜದ ತನಕ ಏರಿತು. ಅವಳು ನಿಲ್ಲಿಸಲಿಲ್ಲ. ಉರಿಯ ಕಾವು ಮುಖಕ್ಕೂ ತೋಳಿಗೂ ಹೊಡೆಯುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ಹರಿಯಿತು.

"ಬ್ಯಾಡವ್ವಾ," ಎಂದಳು ಶಂಕ್ರವ್ವ. "ನನ್ನವ್ವಾ, ಬ್ಯಾಡ. ಕೈ ಬಾಯ್ತೈತಿ."

ದಾಕ್ಷಾಯಣಿ ಬಡಿಯುತ್ತಲೇ ಇದ್ದಳು.

"ಬ್ಯಾಡಂದೆ. ದಾಕ್ಷಾಯಣೀ, ಬಿಡು. ಬಿಡಂದ್ರ..." ಶಂಕ್ರವ್ವನ ಕುತ್ತಿಗೆಯ ನರಗಳು ಉಬ್ಬಿದವು. "ಏ ಕತ್ತಿ! ಹುಚ್ಚ ಖೋಡಿ! ಕಿವಿ ಅದಾವೋ ಇಲ್ಲೋ? ಆ ಕೈ ಉಳಸಾಕ ಹಗಲಿ ರಾತ್ರಿ ನಾ ಇಲ್ಲಿ ಬೇಯಾಕತ್ತೀನಿ, ಇಕಿ ಬಂದ್ಲು ರೊಟ್ಟಿ ಬಡಿಯಾಕ! ರೊಟ್ಟಿ ಐತೇನ ಇದು? ಎಮ್ಮಿ ತುಳದ ಸಗಣಿಯಂಗ ಐತಿ! ನೆಟ್ಟಗಿದ್ದಾಗ ಬರಲಿಲ್ಲ, ಈಗ ಬರತೈತೇನ ನಿನಗ? ಏಳ ಅಲ್ಲಿಂದ, ಮೂದೇವಿ!"

"ನೀ ಬಡದದ್ದ ಭಾರಿ ಛಲೋ ಐತೇನ?" ಎಂದಳು ದಾಕ್ಷಾಯಣಿ. "ಹಂಚಿನ್ಯಾಗ ನೋಡು, ನಿಂದು ಇದ್ದಲಿ ಆಗೈತಿ!"

ಮುಂದಿನ ಕೋಣೆಯಲ್ಲಿ ಅಣ್ಣತಮ್ಮಂದಿರು ಮಾತು ನಿಲ್ಲಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು.

ಅದೇ ಹೊತ್ತಿಗೆ ಕಪ್ಪತಗುಡ್ಡದ ಕೊಠಡಿಯಲ್ಲಿ ನಫೀಸಾ ಕುರ್ಚಿಯಿಂದ ಎದ್ದು ನಿಂತಿದ್ದಳು. ಕೈ ನೋವಿಗೆ ಒಮ್ಮೆ ಮೊನಚಾಗಿ ಏರಿದ ಗೆರೆ, ಹಿಂದೆಯೇ ಕೆಂಪನ್ನು ದಾಟಿ ಕೆಳಗಿಳಿದು, ಇಳಿಯುತ್ತಲೇ ಇತ್ತು.

"ಸರ, ಬಿಲ್ಲಿ ಕಿತ್ತ ಬಿತ್ತೇನ್ರಿ?"

ಗಲಗಲಿಯವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಇಲ್ಲ. ಬೈಸ್ಕೊಳ್ಳಿಕತ್ತಾಳ," ಎಂದರು.

*

ಕಣ ಹಾಕುವ ಅಗತ್ಯ ಬೀಳಲಿಲ್ಲ. ಯುಗಾದಿಯ ನಂತರದ ತಪಾಸಣೆಯಲ್ಲಿ ದಾಕ್ಷಾಯಣಿಯ ತೂಕ ಸ್ವಲ್ಪ ಹೆಚ್ಚಿತ್ತು. ಅವಳ ಜೊತೆ ಬಂದಿದ್ದ ಶಂಕ್ರವ್ವನ ಕಣ್ಣುಗಳು ಗುಳಿ ಬಿದ್ದಿದ್ದವು. ಗಲಗಲಿಯವರು ಅವಳ ಕಿವಿಯ ಹಿಂದೆಯೂ ಒಂದು ಬಿಲ್ಲೆ ಅಂಟಿಸಿ ನೋಡಿದರು. ಅಂಕಿ ಕೆಂಪು ಗೆರೆಯ ಮೇಲಿತ್ತು. ಹೆದರಿಕೆ ಆ ಮನೆ ಬಿಟ್ಟು ಹೋಗಿರಲಿಲ್ಲ. ಒಬ್ಬಳಿಂದ ಇನ್ನೊಬ್ಬಳಿಗೆ ದಾಟಿತ್ತು.

ಅವಳು ಅವರಿಗೆ ಹರಕೆಯ ವಿಷಯ ಹೇಳಿದಳು. "ಮಾತ ತಪ್ಪೀನ್ರಿ. ಆಕಿಗೆ ತಿರುಗಿ ಬಂದ್ರ ಪಾಪ ನಂದು."

"ರೋಗ ತಿರುಗಿ ಬರೂದು ನಿಮ್ಮ ಮಾತಿನ ಮ್ಯಾಲೆ ಇಲ್ಲವ್ವಾ," ಎಂದರು ಗಲಗಲಿಯವರು.

"ಅದು ನಿಮ್ಮ ಲೆಕ್ಕರಿ. ಕೊಟ್ಟದ್ದು ಕೊಟ್ಟಂಗಲ್ರಿ."

ಅವರು ಕಿಟಕಿಯ ಹೊರಗೆ ನೋಡಿದರು. ದೂರದಲ್ಲಿ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. "ನಾನೂ ನಮ್ಮನಿಯಾಕಿ ಸಲುವಾಗಿ ಹೋಳಿಗಿ ಬಿಟ್ಟಿದ್ದೆ," ಎಂದರು. "ಆಕಿ ಉಳೀಲಿಲ್ಲ. ಇನ್ನೂ ತಿಂದಿಲ್ಲ. ದೇವರು ತಗೊಂಡದ್ದಕ್ಕ ನಾ ಲೆಕ್ಕಾ ಕೇಳೂದಿಲ್ಲ. ಆದ್ರ ನಾವು ಕೊಡೂದನ್ನ ನೋಡಿ ಕೊಡಬೇಕು. ಆಕಿಗೆ ಬೇಕಾದದ್ದನ್ನ ನಾವು ಕೊಟ್ಟುಬಿಡಬಾರದು."

ಶಂಕ್ರವ್ವ ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು. "ಬದಲಿ ಕೊಡಬಹುದೇನ್ರಿ?"

"ನಾ ಡಾಕ್ಟರ. ಅದನ್ನ ನೀವ ದೇವರನ್ನ ಕೇಳಬೇಕು."

ಕೇಳಿದಳೋ ಇಲ್ಲವೋ, ಆ ತಿಂಗಳ ಕೊನೆಗೆ ಅವಳ ಗೆರೆ ನಿಧಾನವಾಗಿ ಇಳಿಯಿತು.

ಶ್ರಾವಣದಲ್ಲಿ ವರ್ಷದ ದೊಡ್ಡ ತಪಾಸಣೆ ಬಂತು. ಪರೀಕ್ಷೆ ಮುಗಿದು ವರದಿಗಾಗಿ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಹಿಂದೆಲ್ಲ ಆ ಬೆಂಚಿನ ಮೇಲೆ ದಾಕ್ಷಾಯಣಿ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದಳು. ತನ್ನ ಹೆಸರು ಕರೆದಾಗ ಏಳಲು ಆಗುತ್ತಿರಲಿಲ್ಲ. ಚಹಾದವನು ಬಂದು ಎರಡು ಕಪ್ಪು ಕೊಟ್ಟು ಹೋದ. ಶಂಕ್ರವ್ವ ತನ್ನ ಕಪ್ಪನ್ನು ಬೆಂಚಿನ ತುದಿಗೆ ಸರಿಸಿದಳು.

"ಕುಡಿ," ಎಂದಳು ದಾಕ್ಷಾಯಣಿ.

"ಬ್ಯಾಡ. ಬಿಟ್ಟೀನಿ."

"ಯಾವಾಗ? ಮುಂಜಾನಿಂದ ಸಂಜೀತನಾ ಚಹಾದ ಮ್ಯಾಲೆ ಬದುಕಾಕಿ ನೀನು."

"ಬಿಟ್ಟೆ ಅಂದ್ನಲ್ಲ. ನಿನಗ್ಯಾಕ ಬೇಕ ಅದು?"

ದಾಕ್ಷಾಯಣಿ ಅವಳ ಮುಖವನ್ನು ನೋಡಿದಳು. ಆಮೇಲೆ ಆ ಕಪ್ಪನ್ನು ಎತ್ತಿಕೊಂಡು ಅದನ್ನೂ ಕುಡಿದಳು.

"ಏ, ಅದು ದೇವರಿಗೆ ಬಿಟ್ಟದ್ದು!"

"ನೀ ಬಿಟ್ಟಿ, ನಾ ಬಿಟ್ಟಿಲ್ಲ. ಈ ಸಲ ನನ್ನ ಪಾಲ ಕೊಡಾಕ ಹೋಗಬ್ಯಾಡ. ಥೂ, ಸಕ್ಕರಿನ ಇಲ್ಲ ಇದಕ್ಕ. ಇಂಥಾದ್ದ ಬಿಟ್ಟು ಏನ ದೊಡ್ಡ ತ್ಯಾಗಾ ಮಾಡೀದಿ?"

"ತ್ಯಾಗದ ಬಗ್ಗೆ ನೀ ಹೇಳ್ತೀಯೇನ? ನಿನ್ನೆ ನಿನ್ನ ಗಂಡಗ ಒಂದ ಬದನಿಕಾಯಿ ಹೆಚ್ಚ ಹಾಕಿದ್ದಕ್ಕ ಮಾರಿ ಉಬ್ಬಿಸಿದಾಕಿ!"

ಗಲಗಲಿಯವರು ವರದಿಯನ್ನು ಹಿಡಿದುಕೊಂಡು ಬಾಗಿಲಿಗೆ ಬಂದರು. ವರದಿಯಲ್ಲಿ ಹೊಸದೇನೂ ಇರಲಿಲ್ಲ, ಎಲ್ಲ ಚೆನ್ನಾಗಿತ್ತು. ನಫೀಸಾ ದಾಕ್ಷಾಯಣಿಯ ಹೆಸರು ಹಿಡಿದು ಕರೆದಳು. ಬೆಂಚಿನ ಮೇಲೆ ಇಬ್ಬರಿಗೂ ಕೇಳಿಸಲಿಲ್ಲ. ಅವಳು ಮತ್ತೆ ಕರೆಯಲು ಹೊರಟಾಗ ಗಲಗಲಿಯವರು ಕೈ ಅಡ್ಡ ಹಿಡಿದರು.

"ತಡಿ," ಎಂದರು. "ಮುಗೀಲಿ."

ಅವರು ವರದಿಯನ್ನು ಕೈಯಲ್ಲಿ ಹಿಡಿದು, ಬಾಗಿಲಿಗೆ ಒರಗಿಕೊಂಡು, ಕೇಳುತ್ತ ನಿಂತರು.